ಗಫಾರ್ ಸಾಬರ ಅಕ್ಷರಕ್ಕೆ ಎರಡು ಲೈಸೆನ್ಸು

ಹಫೀಜ್ ಸಾಬರ ವಿಷಯ ಬರೆಯಲೇಬೇಕು. ಧರ್ಮಕ್ಕೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೊಟ್ಟದ್ದು ಸರಿಯಾಗಲಿಲ್ಲ ಎಂದು ತಿಳಿದು, ವಾಪಸ್ಸು ಹೋಗಿ ಇನ್ನೊಂದು ಸಲ ಕೊಟ್ಟವರು ಈ ನಾಲ್ಕು ತಾಲ್ಲೂಕಿನಲ್ಲಿ ಅವರೊಬ್ಬರೇ.

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಅವರ ಅಂಗಡಿ. ಮೊದಲು ಬೋರ್ಡ್ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಲಾರಿಗಳ ಹಿಂದೆ ನಂಬರು ಬರೆಯುತ್ತಾರೆ. ಅವರ ತಂದೆ ಗಫಾರ್ ಸಾಬರು ಐವತ್ತು ವರ್ಷ ಬೋರ್ಡ್ ಬರೆದವರು. ಅವರ ಅಕ್ಷರ ದುಂಡಗೆ, ಹೊಟ್ಟೆ ತುಂಬ ಉಂಡ ಹಾಗೆ ಇರುತ್ತಿತ್ತು. ಓಡುವ ಬಸ್ಸಿನಿಂದಲೂ ಓದಬಹುದಿತ್ತು. ಅವರು ತೀರಿಕೊಂಡ ಮೇಲೆ ಹಫೀಜ್ ಮೊಪೆಡ್ಡಿನಲ್ಲಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಸುತ್ತಿ ನೋಡಿದರು. ಆ ಅಕ್ಷರದ ಬೋರ್ಡು ಏಳು ಉಳಿದಿದ್ದವು. ಒಂದರ ಮೇಲೆ ಸಿಮೆಂಟಿನ ಜಾಹೀರಾತು ಅಂಟಿಸಿದ್ದರು. ಆರು ಎಂದುಕೊಂಡರು.

ಅಕ್ಷರ ಬೋರ್ಡಿನ ಮೇಲೆ ಉಳಿಯಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಸಹನ ಒಂದು ವರ್ಷ ಕೂತು, ಗಫಾರ್ ಸಾಬರ ಹಳೆಯ ಹಾಳೆಗಳನ್ನು ನೋಡಿ ಕಂಪ್ಯೂಟರಿಗೆ ಫಾಂಟ್ ಮಾಡಿಕೊಟ್ಟಳು. ಅದಕ್ಕೆ ಗಫಾರ್ ಎಂದೇ ಹೆಸರಿಟ್ಟರು. ಎಲ್ಲರಿಗೂ ಸಿಗಲಿ ಎಂದು ಇಂಟರ್‌ನೆಟ್ಟಿಗೆ ಹಾಕಬೇಕಿತ್ತು.

"ಸುಮ್ನೆ ಆಕಂಗಿಲ್ಲ ಚಾಚಾ. ಲೈಸೆನ್ಸ್ ಬೇಕು," ಎಂದಳು ಸಹನ.

"ಬಿಟ್ಟಿ ಕೊಡಕ್ಕೂ ಲೈಸೆನ್ಸಾ? ಬಂದೂಕಾ ಇದು?"

"ಇಲ್ದಿದ್ರೆ ಕಾನೂನ್ ಪ್ರಕಾರ ಯಾರೂ ಮುಟ್ಟಂಗಿಲ್ಲ. ನಾಕ್ ಥರ ಅವೆ, ಕೇಳಿ. ನಮ್ಮೆಸ್ರು ಆಕ್ಬುಟ್ಟು ಏನಾರ ಮಾಡ್ಕಳಿ ಅನ್ನೋದು ಒಂದು. ತಿದ್ದುದ್ರೆ ತಿದ್ದಿದ್ದುನ್ನೂ ಇಂಗೇ ಎಲ್ರುಗೂ ಬುಟ್ಕೊಡ್ಬೇಕು ಅನ್ನೋದು ಇನ್ನೊಂದು. ನಾನು ಅಕ್ಷರ ಮಾಡಿದ್ ಪ್ರೋಗ್ರಾಮು ಅಂತದ್ದೇ, ಅದ್ಕೇ ನಂಗೆ ಬಿಟ್ಟಿ ಸಿಕ್ತು. ಯಾಪಾರಕ್ಕೆ ಬಳಸಂಗಿಲ್ಲ ಅನ್ನೋದು ಮೂರ್ನೇದು. ಪುಸ್ತಕ, ಚಿತ್ರ ಇಂತವಕ್ಕೆ ಆಕ್ತಾರೆ. ನಾಕ್ನೇದು..."

"ಮೂರ್ನೇದೇ ಆಕವ್ವ. ಹುನರ್ ಮಾರ್ಬೇಡ ಅಂತಿದ್ರು ಅಬ್ಬಾ."

ಹುನರ್ ಎಂದರೆ ಕೈಯಲ್ಲಿರುವ ವಿದ್ಯೆ. ಅಷ್ಟು ಹೇಳಿ ಹಫೀಜ್ ಎದ್ದು ಹೊರಟರು. ಒಂದು ಲಾರಿ ಕಾಯುತ್ತಿತ್ತು.

ನಾಲ್ಕು ತಿಂಗಳಲ್ಲಿ ಆರುನೂರು ಜನ ಫಾಂಟ್ ಇಳಿಸಿಕೊಂಡರು. ಹಫೀಜ್ ಮತ್ತೆ ಮೊಪೆಡ್ ಹತ್ತಿದರು. ಒಂದು ಹೊಸ ಬೋರ್ಡಿನಲ್ಲೂ ಆ ಅಕ್ಷರ ಇರಲಿಲ್ಲ. ಹಳೆಯವು ಐದಾಗಿದ್ದವು.

ಸಂತೆಬಾಚಹಳ್ಳಿಯಲ್ಲಿ ಪುಟ್ಟಸ್ವಾಮಿಯ ಫ್ಲೆಕ್ಸ್ ಅಂಗಡಿ ಇದೆ. ಹಫೀಜ್ ಜೊತೆಯಲ್ಲೇ ಗಫಾರ್ ಸಾಬರ ಹತ್ತಿರ ಬ್ರಷ್ ಹಿಡಿಯುವುದನ್ನು ಕಲಿತವನು ಅವನು. ಗೋಡೆಯ ಮೇಲೆ ಗಫಾರ್ ಸಾಬರ ಫೋಟೊ ಇತ್ತು, ಹಾರ ಹಾಕಿತ್ತು. ಕಂಪ್ಯೂಟರಿನಲ್ಲಿ ಅವರ ಫಾಂಟೂ ಇತ್ತು. ಒಂದು ಬೋರ್ಡಿಗೂ ಹಾಕಿರಲಿಲ್ಲ.

"ಯಾಕ್ಲಾ ಪುಟ್ಟ, ಅಬ್ಬಾನ ಅಕ್ಷರ ಚೆನ್ನಾಗಿಲ್ವಾ?"

"ಯಾಪಾರಕ್ಕಲ್ಲ ಅಂತ ನೀನೇ ಬರ್ಸಿದ್ದೀಯಲ್ಲೋ. ನಾನೇನು ಬೋರ್ಡ್ ಮಾಡ್ಬುಟ್ಟು ಪ್ರಸಾದ ಅಂಚ್ತೀನಾ?"

"ಅದು ಬೇರೆಯೋರ್ಗೆ ಕಣ್ಲಾ. ನೀನ್ ಆಕ್ಕಳದಲ್ವಾ?"

"ಗುರುಗಳ್ ವಿಷ್ಯದಲ್ಲಿ ಬರ್ದಿರೋದ್ನ ಮೀರಕ್ಕಾಯ್ತದಾ? ಒಳ್ಳೆ ಬುದ್ವಂತ ಕಣ್ಲಾ ನೀನು. ಎಪ್ಪು ಕೊಟ್ಬುಟ್ಟು, ಮೊಸ್ರು ಮಾರ್ಬೇಡ ಅಂದಂಗಾಯ್ತು."

ಹಫೀಜ್ ಗೋಡೆಯ ಮೇಲಿದ್ದ ಫೋಟೊ ನೋಡಿದರು.

"ಗುರುಗಳು ಯೋಳ್ತಿದ್ದುದ್ನ ಪೂರ್ತಿ ಯೋಳು, ನೋಡಾವ," ಎಂದ ಪುಟ್ಟಸ್ವಾಮಿ.

"ಹುನರ್ ಮಾರ್ಬೇಡ."

"ಊಂ."

"ಕೆಲ್ಸ ಮಾರು."

"ಅರ್ಧ ಬರ್ಸಿದ್ದೀಯ," ಎಂದು ಪುಟ್ಟಸ್ವಾಮಿ ಟೀ ತರಿಸಿದ.

ಮಾರನೆಯ ದಿನ ಸಹನ ಅಂಗಡಿ ಬಾಗಿಲು ತೆಗೆಯಲು ಬಂದಾಗ ಹಫೀಜ್ ಮೆಟ್ಟಿಲ ಮೇಲೆ ಕೂತಿದ್ದರು.

"ಎಪ್ಪು ಮಾರಂಗಿಲ್ಲ, ಮೊಸ್ರು ಮಾರ್ಬೋದು. ಅಂತಾ ಲೈಸೆನ್ಸ್ ಐತಾ?"

"ಐತೆ. ಫಾಂಟ್‌ಗೇ ಅಂತ ಮಾಡವ್ರೆ. ಫಾಂಟೊಂದ್ನೇ ಮಾರಂಗಿಲ್ಲ, ಅದ್ರಲ್ಲಿ ಬೋರ್ಡ್ ಮಾಡಿ ಮಾರ್ಬೋದು. ತಿದ್ದುದ್ರೆ ಅದ್ನೂ ಇದೇ ಲೈಸೆನ್ಸಲ್ಲೇ ಕೊಡ್ಬೇಕು. ತಿದ್ದಿದ್ದುಕ್ಕೆ ದೊಡ್ಡ ಸಾಬ್ರ ಎಸ್ರು ಇಡಂಗಿಲ್ಲ ಅಂತ್ಲೂ ಬರೀಬೋದು."

"ಇದ್ನ ಅವತ್ತೇ ಯಾಕ್ ಯೋಳ್ಲಿಲ್ಲ?"

"ಇದೇ ನಾಕ್ನೇದು. ನೀವು ಮೂರ್ನೇದುಕ್ಕೇ ಎದ್ದೋದ್ರಿ."

ಅದು ನಿಜ. ಹಫೀಜ್ ಒಪ್ಪಿಕೊಂಡರು. ಸಹನ ಲೈಸೆನ್ಸ್ ಬದಲಾಯಿಸಿದಳು. ಅದಕ್ಕೆ ಹಿಡಿದದ್ದು ಹತ್ತು ನಿಮಿಷ.

ಆ ತಿಂಗಳು ಪುಟ್ಟಸ್ವಾಮಿ ಹನ್ನೊಂದು ಬೋರ್ಡ್ ಮಾಡಿದ. ಬೆಳ್ಳೂರು ಕ್ರಾಸಿನ ಒಂದು ಹೋಟೆಲಿನ ಮೇಲೂ ಆ ಅಕ್ಷರ ಬಂತು. ಅಲ್ಲಿ ಯಾರೋ ಳಕಾರದ ಬಾಲವನ್ನು ಉದ್ದ ಮಾಡಿದ್ದರು. ಹಫೀಜ್ ರಸ್ತೆಯ ಆಚೆ ಬದಿ ನಿಂತು ಬಹಳ ಹೊತ್ತು ನೋಡಿದರು. ಬಾಲ ಅವರಿಗೆ ಹಿಡಿಸಲಿಲ್ಲ. ತಿದ್ದಲು ಲೈಸೆನ್ಸಿನಲ್ಲಿ ಒಪ್ಪಿಗೆ ಇದೆ. ಒಳಗೆ ಹೋಗಿ ಇಡ್ಲಿ ತಿಂದು ಬಂದರು.

ಈಗ ಅವರು ಬೋರ್ಡ್ ಎಣಿಸುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ರೈಲು ಇಳಿದರೆ ಅವರನ್ನು ಹೋಗಿ ನೋಡಿ. ಲಾರಿ ನಿಂತಿದ್ದರೆ ಅದರ ಹಿಂದೆ ಇರುತ್ತಾರೆ. ಫಾಂಟ್ ಕೇಳಿದರೆ ಕೊಡುತ್ತಾರೆ. ಕೊಡುವ ಮೊದಲು ಲೈಸೆನ್ಸನ್ನು ಪೂರ್ತಿ ಓದಿ ಹೇಳುತ್ತಾರೆ. ದಯವಿಟ್ಟು ನಡುವೆ ಏಳಬೇಡಿ.