ಬಾಗಿಲಾಚೆಯ ಐದು ದಾಳ

ಆಟದ ನಿಯಮ ಮೊದಲು ಹೇಳುತ್ತೇನೆ. ಅದು ತಿಳಿಯದಿದ್ದರೆ ಉಳಿದದ್ದು ತಿಳಿಯುವುದಿಲ್ಲ.

ಒಬ್ಬೊಬ್ಬರಿಗೂ ಐದು ದಾಳ, ಒಂದು ಲೋಟ. ದಾಳಗಳನ್ನು ಲೋಟದಲ್ಲಿ ಕುಲುಕಿ ನೆಲದ ಮೇಲೆ ಬೋರಲು ಹಾಕಬೇಕು. ಲೋಟವನ್ನು ತುಸು ಓರೆ ಮಾಡಿ ತನ್ನವನ್ನು ಮಾತ್ರ ನೋಡಿಕೊಳ್ಳಬೇಕು. ಆಮೇಲೆ ಎಲ್ಲರ ದಾಳಗಳನ್ನೂ ಸೇರಿಸಿ ಅಂದಾಜು ಕೂಗಬೇಕು: ‘ಐದರ ಮುಖ ಮೂರಿವೆ.’ ಒಂದು ಚುಕ್ಕಿ ಬಿದ್ದ ದಾಳ ಯಾವ ಮುಖದ ಲೆಕ್ಕಕ್ಕೂ ಸೇರುತ್ತದೆ. ಮುಂದಿನವರು ಅದಕ್ಕಿಂತ ಹೆಚ್ಚು ಕೂಗಬೇಕು, ಇಲ್ಲವೇ ‘ಡೂಡೊ’ ಅನ್ನಬೇಕು. ನನಗೆ ಅನುಮಾನ ಎಂದು ಅದರರ್ಥ. ಆ ಮಾತು ಬಿದ್ದರೆ ಎಲ್ಲರೂ ಲೋಟ ಎತ್ತಲೇಬೇಕು. ಕೂಗಿದಷ್ಟು ಇಲ್ಲದಿದ್ದರೆ ಕೂಗಿದವರದು ಒಂದು ದಾಳ ಹೋಯಿತು. ಇದ್ದರೆ ಅನುಮಾನ ಪಟ್ಟವರದು. ಕೊನೆಗೆ ದಾಳ ಉಳಿದವರು ಗೆದ್ದಂತೆ. ಲೋಟ ಎತ್ತುವ ತನಕ ಎಷ್ಟು ಸುಳ್ಳಾದರೂ ಹೇಳಬಹುದು. ಎತ್ತಿದ ಮೇಲೆ ಒಂದೂ ಕೂಡದು.

ನಾನು ಹಡಗಿನಲ್ಲಿದ್ದಾಗ ಪೆರು ದೇಶದ ಅಡುಗೆಯವನೊಬ್ಬ ಕಲಿಸಿದ್ದು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ದಡದ ಕೆಲಸ ಹಿಡಿದ ಮೇಲೆ ಹೆಂಡತಿಗೆ ಕಲಿಸಿದೆ. ನಿವೃತ್ತಿಯಾದರೂ ಅಲ್ಲೇ ಉಳಿದೆವು. ಸಂಜೆ ಚಹಾ, ಆಮೇಲೆ ಆಟ, ಆಮೇಲೆ ಊಟ. ಈ ಕ್ರಮ ತಪ್ಪಿದ್ದಿಲ್ಲ. ಗೆಲ್ಲುತ್ತಿದ್ದವಳು ಹೆಚ್ಚಾಗಿ ಅವಳೇ. ದಾಳ ನಿಜವಾಗಿ ಬಿದ್ದಿದ್ದರೆ ಎಣಿಸಿ, ಗೊಣಗಿ, ತಡಮಾಡಿ ಕೂಗುವಳು. ಸುಳ್ಳಾದರೆ ಥಟ್ಟನೆ. ಇದನ್ನು ಕಂಡುಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಅವಳಿಗೆ ಹೇಳಿರಲಿಲ್ಲ.

ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಅವಳಿಗೆ ಜ್ವರ ಹತ್ತಿತು. ಪರೀಕ್ಷೆಯಲ್ಲಿ ಅವಳಿಗೆ ಇದೆ, ನನಗಿಲ್ಲ ಎಂದು ಬಂತು. ಕೋಣೆಯೊಳಗೇ ಇರಲಿ, ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿ ನೋಡುತ್ತಿರಿ, ತೊಂಬತ್ತಕ್ಕಿಂತ ಕೆಳಗಿಳಿದರೆ ಕಾಯದೆ ಆಂಬುಲೆನ್ಸ್ ಕರೆಯಿರಿ ಎಂದು ವೈದ್ಯರು ಫೋನಿನಲ್ಲಿ ಹೇಳಿದರು. ಪಕ್ಕದ ಮನೆಯ ತಮಿಳು ಅಕ್ಕ ನಮ್ಮ ಗ್ರಿಲ್ಲಿಗೆ ಊಟದ ಚೀಲ ತೂಗುಹಾಕಿ ಹೋಗುತ್ತಿದ್ದರು. ಕೆಳಗಿನ ಮಹಡಿಯವರೊಬ್ಬರನ್ನು ಅದೇ ವಾರ ಆಂಬುಲೆನ್ಸ್ ಒಯ್ದಿತ್ತು. ಅವರು ತಿರುಗಿ ಬರಲಿಲ್ಲ. ಅವರ ಮುಖವನ್ನೂ ಮನೆಯವರಿಗೆ ತೋರಿಸಲಿಲ್ಲ.

ನಾನು ಬಿರುಗಾಳಿ ಕಂಡವನು. ಆಗ ಮಾಡಲು ಕೆಲಸವಿರುತ್ತಿತ್ತು. ಇಲ್ಲಿ ಬಾಗಿಲಿಗೆ ಕಿವಿಯಿಟ್ಟು ನಿಲ್ಲುವುದೊಂದೇ. ಕೆಮ್ಮಿದರೆ ಹೆದರಿಕೆ, ಕೆಮ್ಮು ನಿಂತರೆ ಇನ್ನೂ ಹೆದರಿಕೆ.

ಆಟ ನಿಲ್ಲಿಸಲಿಲ್ಲ. ಅವಳ ಐದು ದಾಳ ಒಳಗೆ, ನನ್ನವು ಹೊರಗೆ, ನಡುವೆ ಮುಚ್ಚಿದ ಬಾಗಿಲು. ಲೋಟ ಎತ್ತಿದ ಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿದೆವು. ಆಟ ಮುಗಿದೊಡನೆ ಯಂತ್ರದ ಅಂಕಿ ಕೇಳುತ್ತಿದ್ದೆ. ಬೆರಳಿಗೆ ಸಿಕ್ಕಿಸಿ, ಅಂಕಿ ನಿಲ್ಲುವ ತನಕ ಕಾದು, ‘ತೊಂಬತ್ತಾರು ಮಾರಾಯ್ರೆ’ ಅನ್ನುತ್ತಿದ್ದಳು.

ಒಂದು ಸಂಜೆ ಅವಳ ಲೋಟದಲ್ಲಿ ದಾಳ ಸರಿಯಾಗಿ ಕುಲುಕಿದ ಸದ್ದೇ ಬರಲಿಲ್ಲ. ಎರಡು ಸುತ್ತಿಗೇ ಸಾಕೆಂದಳು. ಅಂಕಿ ಕೇಳಿದೆ.

“ತೊಂಬತ್ತಾರು.”

ನನ್ನ ಪ್ರಶ್ನೆ ಮುಗಿಯುವ ಮುಂಚೆಯೇ ಹೇಳಿದ್ದಳು.

“ಡೂಡೊ,” ಅಂದೆ.

“ಇದು ಆಟ ಅಲ್ಲ ಮಾರಾಯ್ರೆ,” ಅಂದಳು.

“ಲೋಟ ಎತ್ತು ಮಾರಾಯ್ತಿ.”

ಚಿಲಕ ಸರಿಯಿತು. ಗೋಡೆ ಹಿಡಿದು ನಿಂತಿದ್ದಳು. ತುಟಿಯ ಬಣ್ಣ ಸರಿಯಿರಲಿಲ್ಲ. ಯಂತ್ರ ಸಿಕ್ಕಿಸಿದ ಬೆರಳನ್ನು ನನ್ನತ್ತ ಚಾಚಿದಳು. ಎಂಬತ್ತೇಳು.

“ಕೆಳಗಿನವರ ಹಾಗೆ ನನ್ನನ್ನೂ ತಗೊಂಡು ಹೋಗಿಬಿಡ್ತಾರೆ ಅಂತ ಹೇಳ್ಲಿಲ್ಲ,” ಅಂದಳು. ಅಷ್ಟು ಹೇಳಲು ಮೂರು ಕಡೆ ನಿಲ್ಲಬೇಕಾಯಿತು.

ಬೈಯಲಿಲ್ಲ. ನನ್ನದೂ ಅದೇ ಭಯ. ಫೋನ್ ಮಾಡಿದೆ. ಮೈತುಂಬ ಬಿಳಿ ಉಡುಪಿನವರು ಗಾಲಿಕುರ್ಚಿ ತಂದರು. ನನಗೆ ಜೊತೆಗೆ ಹೋಗಲು ಅನುಮತಿ ಇರಲಿಲ್ಲ. ಹೊರಡುವಾಗ ಅವಳು ಬಗ್ಗಿ ಹೊಸ್ತಿಲ ಮೇಲೆ ಒಂದು ದಾಳ ಇಟ್ಟಳು.

“ಸೋತೆ ಅಲ್ವಾ. ಸೋಪು ಹಾಕಿ ತೊಳ್ದು ಮುಟ್ಟಿ.”

ತೊಳೆದು ಕಿಟಕಿಯ ಕಟ್ಟೆಯ ಮೇಲೆ ಅವಳ ಲೋಟದ ಪಕ್ಕ ಇಟ್ಟೆ. ಆಸ್ಪತ್ರೆಯಿಂದ ದಿನಾ ಸಂಜೆ ಅವಳದೇ ಫೋನ್. ಎಷ್ಟಿದೆ ಎಂದು ಕೇಳಿದರೆ ಥಟ್ಟನೆ, “ಚೆನ್ನಾಗಿದೆ,” ಅಂದು ಫೋನ್ ಇಡುತ್ತಿದ್ದಳು. ನಾನು ಅನ್ನದ ಮುಂದೆ ಕೂತು ಏಳುತ್ತಿದ್ದೆ.

ಒಂದು ಸಂಜೆ ಕೇಳಿದಾಗ ಉತ್ತರ ಬರಲಿಲ್ಲ. ಫೋನು ಬಿಗಿಯಾಗಿ ಹಿಡಿದು ಕಾದೆ.

“ತಡೀರಿ ಮಾರಾಯ್ರೆ, ಈ ಹಾಳಾದ್ದು ತೋರಿಸ್ಬೇಕಲ್ಲ... ತೊಂಬತ್ತೈದು. ಇಲ್ಲಿಯ ಗಂಜಿಗೆ ಉಪ್ಪೇ ಇಲ್ಲ.”

ಅವಳು ಗೊಣಗುತ್ತಲೇ ಇದ್ದಳು. ನಾನು ಕಿಟಕಿಯ ಬಳಿ ಹೋಗಿ ಅವಳ ದಾಳವನ್ನು ಅವಳ ಲೋಟಕ್ಕೆ ಹಾಕಿದೆ. ಸೋತ ದಾಳವನ್ನು ಹಿಂದಿರುಗಿಸುವುದು ನಿಯಮದಲ್ಲಿ ಇಲ್ಲ.