ಕಲ್ಪನಾಳ ಮನೆಯಲ್ಲಿ ಕಮಲಾಕರನ ಜಾಗ

ಹೊನ್ನಾವರದ ಬಂದರಿಗೆ ಹೋಗುವ ರಸ್ತೆಯಿಂದ ಎಡಕ್ಕೆ ಇಳಿದರೆ ನಮ್ಮ ಕೇರಿ. ಅಲ್ಲಿ ಕಲ್ಪನಾಳ ಮನೆ ಯಾವುದು ಎಂದು ಯಾರೂ ಕೇಳಬೇಕಾಗಿಲ್ಲ. ಗೋಡೆಗೆ ಬಿಳಿ, ಬಾಗಿಲಿಗೆ ನೀಲಿ, ಇದ್ದಬದ್ದ ಕಿಟಕಿಗೆಲ್ಲ ಪರದೆ, ಇಂಥದು ಇಡೀ ಸಾಲಿನಲ್ಲಿ ಒಂದೇ. ಆ ಪರದೆಗಳನ್ನು ಹೊಲಿದವಳು ನಾನು, ಪಕ್ಕದ ಮನೆಯ ಬಂಗಾರಿ. ನಮ್ಮ ಮನೆಯ ಮುಂಭಾಗದಲ್ಲೇ ನನ್ನ ಹೊಲಿಗೆ ಅಂಗಡಿ. ಒಂದೊಂದು ಪರದೆಯನ್ನೂ ಅವಳು ನನ್ನಿಂದ ಎರಡೆರಡು ಸಲ ಬಿಚ್ಚಿಸಿ ಹೊಲಿಸಿದ್ದಾಳೆ. ಹಾಗಾಗಿ ಅವಳ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

"ಬಂಗಾರಕ್ಕಾ, ಪರದೆ ನೆಲಕ್ಕೆ ತಾಗೂದೂ ಬ್ಯಾಡ, ತಾಗದೇ ಇರೂದೂ ಬ್ಯಾಡ" ಎನ್ನುತ್ತಾಳೆ. ಇಂಥ ಗಿರಾಕಿಯನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ಆದರೂ ಹೊಲಿದ ಪರದೆ ಅವಳ ಕಿಟಕಿಗೆ ಏರಿ, ಅಳಿವೆಯ ಕಡೆಯ ಗಾಳಿಗೆ ಒಂದಿಷ್ಟು ಉಬ್ಬಿತು ಅಂದರೆ, ನನಗೇ ಅಲ್ಲಿಂದ ಏಳಲು ಮನಸ್ಸು ಬರುವುದಿಲ್ಲ.

ಈ ಹುಚ್ಚು ಅವಳಿಗೆ ತವರಿನಿಂದ ಬಂದದ್ದು. ಅವಳ ತಾಯಿ ಬೆಳ್ಳಿ ಭಟ್ಕಳದಲ್ಲಿ ಬುಟ್ಟಿ ಹೊತ್ತು ನವಾಯತ ಮುಸ್ಲಿಮರ ಮನೆಗಳಿಗೆ ಮೀನು ಕೊಡುತ್ತಿದ್ದಳು. ಶಾಲೆಗೆ ರಜೆ ಇದ್ದ ದಿನ ಕಲ್ಪನಾ ತಾಯಿಯ ಸೆರಗು ಹಿಡಿದು ಹೋಗುತ್ತಿದ್ದಳಂತೆ. ತಾಯಿ ಹಿತ್ತಲ ಬಾಗಿಲಲ್ಲಿ ಮೀನು ಹೆಚ್ಚಿ ತೊಳೆದು ಕೊಡುವಷ್ಟು ಹೊತ್ತು ಈ ಹುಡುಗಿ ಬಾಗಿಲ ಸಂದಿಯಿಂದ ಒಳಗೆ ನೋಡುತ್ತ ನಿಂತಿರುವುದು. ಬೇಸಿಗೆಯ ಮಧ್ಯಾಹ್ನದಲ್ಲೂ ಪರದೆ ಎಳೆದು ತಂಪಾಗಿದ್ದ ಕೋಣೆ, ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಪಿಂಗಾಣಿ, ಮೇಜಿನ ಮೇಲೆ ಅಂಚು ಹೆಣೆದ ಬಟ್ಟೆ. ಹೊರಗೆ ದುಡಿದು ಬಂದವರಿಗೆ ಒಳಗೆ ಇಂಥದೊಂದು ಕೋಣೆ ಇರಬೇಕು ಎಂದು ಅವಳ ತಲೆಯಲ್ಲಿ ಆಗಲೇ ಕೂತುಬಿಟ್ಟಿತು.

ಮದುವೆಯಾಗಿ ಬಂದದ್ದು ಕಡಲಿಗೆ ಹೋಗುವವನ ಮನೆಗೆ. ಗಂಡ ಕಮಲಾಕರ ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಒಮ್ಮೆ ಹೋದರೆ ಎಷ್ಟೋ ದಿನ ನೀರಿನ ಮೇಲೆಯೇ. ನಡುವೆ ಎಂದಾದರೂ ಒಂದು ದಿನ ಮನೆಗೆ ಬಂದು, ಉಂಡು, ಮಲಗಿ, ಎದ್ದು ಹೋಗುತ್ತಾನೆ. ಮಳೆಗಾಲದಲ್ಲಿ ಯಂತ್ರದ ಬೋಟು ಕಡಲಿಗಿಳಿಯಬಾರದೆಂಬ ಎರಡು ತಿಂಗಳು ಮಾತ್ರ ಅವನು ಪೂರ್ತಿ ಮನೆಯವನು. ಆ ಎರಡು ತಿಂಗಳಿಗಾಗಿ ಕಲ್ಪನಾ ಉಳಿದ ಹತ್ತು ತಿಂಗಳು ಕಾಯುತ್ತಾಳೆ. ಇದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಮೇ ತಿಂಗಳು ಬಂತೆಂದರೆ ಹೊಲಿಗೆಗೆ ಅವಸರ ಮಾಡುವ ರೀತಿಯಲ್ಲೇ ನನಗೆ ಗೊತ್ತಾಗುತ್ತದೆ.

ಕಾಯುವ ಹೊತ್ತಿನಲ್ಲಿ ಮನೆಯನ್ನು ಚಂದ ಮಾಡಿದಳು. ದಡಕ್ಕೆ ಬಂದು ಬಿದ್ದ ಬಾಟಲಿ ತೊಳೆದು ಬಳ್ಳಿ ಬಿಟ್ಟಳು. ಮುಟ್ಟಳ್ಳಿಯ ಗೆಳತಿಯ ಮನೆಯಿಂದ ತೆಂಗಿನ ಗರಟೆ ತರಿಸಿ, ಉಜ್ಜಿ ಉಜ್ಜಿ ಎಣ್ಣೆ ಕುಡಿಸಿ, ದೀಪದ ಬುಡ್ಡಿ ಮಾಡಿದಳು. ಹಳೆಯ ಸೀರೆಗಳೆಲ್ಲ ನನ್ನ ಮೆಷಿನ್ನಿನಡಿಯಲ್ಲಿ ದಿಂಬಿನ ಚೀಲಗಳಾದವು. ಕಾಲೇಜಿಗೆ ಹೋಗುವ ಮಗಳು ಸುಚಿತಾ ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಹಿಡಿದು ಎಲ್ಲರೂ ನೋಡುವಂತೆ ಹಾಕತೊಡಗಿದಳು. ಹಿನ್ನೆಲೆಯಲ್ಲಿ ಕಲ್ಪನಾಳ ದನಿ, ಅದೂ ಆಕಾಶವಾಣಿಯವರ ಕನ್ನಡದಲ್ಲಿ. "ಬೆಳಿಗ್ಗೆ ಎದ್ದವರು ಮೊದಲು ಒಂದು ಕಿಟಕಿ ತೆರೆಯಿರಿ. ಉಳಿದ ಕೆಲಸ ತಾನಾಗಿ ಆಗುತ್ತದೆ." ಅಥವಾ, "ಮಗಳು ಓದುವ ಮೇಜಿನ ಮೇಲೆ ಒಂದು ಹೂವಿಟ್ಟರೆ ಪಾಠ ತಲೆಗೆ ಹತ್ತುತ್ತದೆಯೋ ಇಲ್ಲವೋ ಗೊತ್ತಿಲ್ಲ, ಅವಳ ಸಿಡುಕು ಮಾತ್ರ ಕಡಿಮೆಯಾಗುತ್ತದೆ." ಕುಮಟಾದಿಂದ ಭಟ್ಕಳದವರೆಗಿನ ಹೆಂಗಸರು ಅದನ್ನು ನೋಡಿ, ಪರದೆ ಹೊಲಿದವರು ಯಾರು ಎಂದು ಕೇಳಿ, ನನ್ನ ಅಂಗಡಿ ಹುಡುಕಿಕೊಂಡು ಬಂದರು. ಆ ಲಾಭ ನನಗೂ ಆಯಿತು, ಸುಳ್ಳು ಹೇಳಬಾರದು.

ಹೋದ ಬೇಸಿಗೆಯಲ್ಲಿ ಜಗಲಿಯ ಸರದಿ ಬಂತು. ಮೂರು ಕಡೆ ತೆರೆದಿದ್ದ ಜಗಲಿಗೆ ಗಾಜಿನ ಬಾಗಿಲು ಕೂರಿಸಿ, ಕಂಬಗಳಿಗೆ ನುಣುಪಾದ ಹಲಗೆ ಹೊದಿಸಿ, ನೆಲಕ್ಕೆ ಹಾಲು ಬಣ್ಣದ ಟೈಲ್ಸ್ ಹಾಕಿಸಿದಳು. ಮಧ್ಯದಲ್ಲಿ ಬೂದು ಬಣ್ಣದ ಸೋಫಾ.

"ಇವ್ರು ವರ್ಷವಿಡೀ ಬೋಟಿನ ಹಲಗೆ ಮೇಲೆ ಬೆನ್ನು ಹಾಕೂದು" ಎಂದಳು ನನ್ನ ಹತ್ತಿರ, ಸೋಫಾವನ್ನು ಕೈಯಿಂದ ಒತ್ತಿ ನೋಡುತ್ತ. "ಮನೆಗೆ ಬಂದಾಗಾದ್ರೂ ಮೆತ್ತಗೆ ಕೂರ್ಲಿ. ಮಳೆ ಇರಚಲೂ ಬರೂದಿಲ್ಲ."

ಮೀನುಗಾರರ ಮನೆಯ ಜಗಲಿ ಯಾತಕ್ಕಿದೆ ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಮಳೆಗಾಲದಲ್ಲಿ ಮನೆಗೆ ಬಂದ ಗಂಡಸರು ಹೊಳೆಯಲ್ಲಿ ಸಣ್ಣ ದೋಣಿಯಿಂದ ಬಿಡುವ ತಮ್ಮ ಸ್ವಂತ ಬಲೆಯನ್ನು ಜಗಲಿಗೆ ತರುತ್ತಾರೆ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಕಟ್ಟುತ್ತ ಕೂರುತ್ತಾರೆ. ಅಲ್ಲೇ ಚಾ, ಅಲ್ಲೇ ಎಲೆಯಡಿಕೆಯ ಕವಳ, ದಾರಿಯಲ್ಲಿ ಹೋಗುವವರನ್ನೆಲ್ಲ ಅಲ್ಲಿಂದಲೇ ಕರೆದು ಮಾತು. ಊಟವಾದ ಮೇಲೆ ಬಲೆಯ ರಾಶಿಗೇ ಒರಗಿ ಒಂದು ನಿದ್ದೆ. ಆದರೆ ಜಗಲಿಯ ಕೆಲಸ ನಡೆದದ್ದು ಏಪ್ರಿಲಿನಲ್ಲಿ. ಬಲೆ ಕಣ್ಣೆದುರಿಗೆ ಇರಲಿಲ್ಲ, ಮನಸ್ಸಿಗೂ ಬರಲಿಲ್ಲ.

ಜೂನಿನ ಮೊದಲ ಮಳೆಯಲ್ಲಿ ಕಮಲಾಕರ ಚೀಲ ಹೊತ್ತು ಬಂದ. ಗಾಜಿನ ಬಾಗಿಲ ಹೊರಗೆ ನಿಂತು ಒಳಗೆ ನೋಡಿ "ಚಂದ ಆಗ್ಯದೆ" ಎಂದ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಒರೆಸಿ, ಸೋಫಾದ ತುದಿಯಲ್ಲಿ ಕೂತ. ಚಾ ಕುಡಿದು ಲೋಟವನ್ನು ತಾನೇ ಒಳಗಿಟ್ಟು ಬಂದ. ಎರಡು ದಿನ ಹಾಗೆಯೇ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ, ಹಿತ್ತಲ ಕೊಟ್ಟಿಗೆಯಲ್ಲಿದ್ದ ಬಲೆ ಹೊತ್ತು ದಕ್ಕೆಯ ಕಡೆ ಹೊರಟ. ಅಲ್ಲಿ ಬೋಟು ನಿಲ್ಲುವ ಕಟ್ಟೆಯ ಪಕ್ಕ ಒಂದು ತಗಡಿನ ಶೆಡ್ಡು ಇದೆ. ಜೊತೆಯಲ್ಲಿ ಕಡಲಿಗೆ ಹೋಗುವ ಜಟ್ಟನೂ ಅಲ್ಲೇ ಇರುತ್ತಾನೆ. ಮೊದಲು ಕಮಲಾಕರ ಊಟಕ್ಕೆ ಮನೆಗೆ ಬರುತ್ತಿದ್ದ. ಆಮೇಲೆ ಬುತ್ತಿ ಕೊಂಡೊಯ್ಯತೊಡಗಿದ. ಮನೆಗೆ ಬರುವುದು ದೀಪ ಹಚ್ಚಿದ ಮೇಲೆ.

ಜಗಳವಿಲ್ಲ, ಮುನಿಸಿಲ್ಲ. ಕೇಳಿದರೆ "ಅಲ್ಲಿ ಬೆಳಕು ಚಲೋ ಅದೆ" ಎನ್ನುವುದು. ಕಲ್ಪನಾ ದಿನಾ ಮಧ್ಯಾಹ್ನ ಸೋಫಾದ ದಿಂಬುಗಳನ್ನು ತಟ್ಟಿ ನೇರ ಮಾಡಿ, ನನ್ನ ಅಂಗಡಿಗೆ ಬಂದು ಸುಮ್ಮನೆ ಕೂರುವಳು. ಜೂನು ಕಳೆದು ಜುಲೈ ಬಂದಿತ್ತು. ಅವಳು ಕಾದ ಎರಡು ತಿಂಗಳಲ್ಲಿ ಒಂದು ಹೀಗೆ ಹೋಯಿತಲ್ಲ ಎಂದು ನನಗೇ ಸಂಕಟವಾಗುತ್ತಿತ್ತು. ಆದರೆ ಗಂಡಹೆಂಡಿರ ನಡುವೆ ಮೂಗು ತೂರಿಸುವುದು ಹೇಗೆ?

ಅಷ್ಟರಲ್ಲಿ ಕತಗಾಲದಿಂದ ಯಾರೋ ಒಬ್ಬಾಕೆ ಸುಚಿತಾಳ ವಿಡಿಯೊದ ಕೆಳಗೆ ಬರೆದಳು. "ಅಕ್ಕಾ, ಮಗಳ ಓದುವ ಮೂಲೆ ತೋರಿಸಿದಿರಿ, ನಿಮ್ಮ ಅಡುಗೆಯ ಮೂಲೆ ತೋರಿಸಿದಿರಿ. ನಿಮ್ಮ ಯಜಮಾನರ ಮೂಲೆಯನ್ನೂ ಒಮ್ಮೆ ತೋರಿಸಿ." ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಸುಚಿತಾ ಮೊಬೈಲು ಹಿಡಿದು ತಯಾರಾದಳು. ನಾನೂ ಅಲ್ಲಿದ್ದೆ, ಅಡುಗೆಮನೆಯ ಕಿಟಕಿಯ ಅಳತೆಗೆ ಹೋದವಳು. ಕಲ್ಪನಾ ನಗುತ್ತಲೇ ಎದ್ದು ನಡುಮನೆಗೆ ಬಂದಳು. ಅಲ್ಲಿಂದ ಕೋಣೆಗೆ ಹೋದಳು. ಹಿಂದಿನ ಪಡಸಾಲೆಗೂ ಹೋಗಿ ಬಂದಳು. ದೇವರ ಮೂಲೆ ಇತ್ತು. ಬೆಕ್ಕು ಮಲಗಲು ಕೂಡ ಒಂದು ಬುಟ್ಟಿ, ಅದಕ್ಕೊಂದು ಹೂವಿನ ಬಟ್ಟೆ ಇತ್ತು. ಕಮಲಾಕರನದು ಎಂದು ತೋರಿಸಲು ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ ಒಂದು ಅಂಗಿ ಮಾತ್ರ ಸಿಕ್ಕಿತು.

ಅವಳು ಆ ಅಂಗಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. "ಅಮ್ಮಾ, ಎಂತ ಹಿಡೀಲಿ?" ಎಂದು ಸುಚಿತಾ ಹೊರಗಿನಿಂದ ಕೇಳಿದಳು. ಕಲ್ಪನಾ ಕೋಣೆಯಿಂದ ಹೊರಗೆ ಬಂದಳು. ಕೊಡೆ ತೆಗೆದುಕೊಂಡು, "ಬಂಗಾರಕ್ಕಾ, ಬನ್ನಿ" ಎಂದಷ್ಟೇ ಹೇಳಿ ಹೊರಟಳು. ನಾನು ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಹಿಂದೆ ಓಡಿದೆ.

ಶೆಡ್ಡಿನಲ್ಲಿ ಕಮಲಾಕರ ಒಂದು ಕಾಲು ಚಾಚಿ, ಬಲೆಯ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದ. ಜಟ್ಟ ಏನೋ ಹೇಳಿರಬೇಕು, ಇವನು ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದ. ಆ ನಗು ನಮ್ಮ ಕೇರಿಯಲ್ಲಿ ಆ ಮಳೆಗಾಲ ಒಮ್ಮೆಯೂ ಕೇಳಿರಲಿಲ್ಲ. ಹೆಂಡತಿಯನ್ನು ಕಂಡು ಕಾಲು ಮಡಚಿ ನೆಟ್ಟಗೆ ಕೂತ. ಅದನ್ನು ನೋಡಿ ಕಲ್ಪನಾಳ ಮುಖ ಇಳಿದುಹೋಯಿತು.

"ನೀವು ಮನೆಲಿ ಎಂತಕ್ಕೆ ಕೂರೂದಿಲ್ಲ?" ಎಂದಳು.

"ಕೂರ್ತೆ ಅಲ್ಲ?"

"ಎಲ್ಲಿ ಕೂರ್ತ್ರಿ? ಸೋಫಾದ ತುದಿಗೆ, ಬಸ್ಸಿಗೆ ಕಾಯೂವವ್ರ ಹಾಂಗೆ."

ಅವನು ಸಣ್ಣಗೆ ನಕ್ಕ. "ಬಲೆ ತಂದ್ರೆ ಎಲ್ಲ ಗಲೀಜಾಗ್ತದೆ ಮಾರಾಯ್ತಿ. ನೀನು ಎಷ್ಟು ಚಂದ ಮಾಡ್ಕಂಡಿದ್ದಿ. ನಾನು ಎರಡು ತಿಂಗ್ಳಿಗೆ ಬಂದು ಹೋಗೂವವ. ನಿನ್ನ ಮನೆ ನಿಂಗೆ ಬೇಕಾದಾಂಗೆ ಇರ್ಲಿ."

ಕೊಂಕು ಇಲ್ಲದೆ, ಪ್ರೀತಿಯಿಂದಲೇ ಹೇಳಿದ. ಕಲ್ಪನಾ ಅಲ್ಲೇ ಮೀನಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ನನ್ನ ಮನೆಯಾ?" ಎಂದಳು. "ನಾ ಯಾರಿಗೆ ಮಾಡ್ದದ್ದು ಇದೆಲ್ಲ? ಒಂದೊಂದು ಮಾಡೂವಾಗ್ಲೂ ಇವ್ರು ಬಂದ್ರೆ ಇಲ್ಲಿ ಕೂರ್ತ್ರು, ಇವ್ರು ಬಂದ್ರೆ ಇಲ್ಲಿ ಮಲಗ್ತ್ರು ಅಂತ ಮಾಡ್ದೆ. ನೀವು ಬಂದ್ರಿ, ಬಂದು ಈ ಶೆಡ್ಡಲ್ಲಿ ಕುಂತ್ರಿ."

ಅವಳಿಗೆ ಅಳು ಬಂತು. ಜಟ್ಟ ಬೀಡಿಯ ನೆಪ ಮಾಡಿ ಎದ್ದು ಹೋದ. ನನಗೆ ಹೋಗಲು ನೆಪವೂ ಸಿಗಲಿಲ್ಲ, ಮಳೆ ಜೋರಾಗಿತ್ತು. ಗೋಡೆಯ ಕಡೆ ಮುಖ ಮಾಡಿ ನಿಂತೆ. ಕಿವಿ ಮುಚ್ಚಿಕೊಳ್ಳಲಿಲ್ಲ.

ಕಮಲಾಕರ ಕೈಯಲ್ಲಿದ್ದ ಬಲೆಯ ಗಂಟನ್ನು ಬಿಗಿದು ಮುಗಿಸಿದ. ಆಮೇಲೆ ಹೇಳಿದ, "ಬೋಟಲ್ಲಿ ರೇಂಜು ಸಿಕ್ಕಾಗ ನಿನ್ನ ವಿಡಿಯೊ ನೋಡ್ತಿದ್ದೆ. ಎಲ್ರಿಗೂ ತೋರ್ಸ್ತಿದ್ದೆ. ಖುಷಿ ಆಗ್ತಿತ್ತು. ಒಳಗೊಳಗೆ ಹೆದ್ರಿಕೆನೂ ಆಗ್ತಿತ್ತು, ಇಷ್ಟು ಚಂದದ ಮನೆಲಿ ನಾ ಎಲ್ಲಿ ಕಾಲಿಡೂದು ಅಂತ."

"ಅದ್ನ ಹೇಳೂಕೆ ಎಂತ ಆಗಿತ್ತು ನಿಮ್ಗೆ?"

"ಊರೆಲ್ಲ ಹೊಗಳ್ತದೆ. ನಾನೊಬ್ಬ ಹ್ಯಾಂಗೆ ಹೇಳೂದು?"

ಕಲ್ಪನಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬಗ್ಗಿ, ಬಲೆಯನ್ನು ಎರಡೂ ಕೈಯಲ್ಲಿ ಬಾಚಿ ಹೆಗಲಿಗೆ ಹಾಕಿಕೊಂಡಳು. ಒದ್ದೆ ಬಲೆ, ಮರಳು, ಸೀಸದ ಗುಂಡುಗಳು; ಹೆಂಗಸಿನ ಹೆಗಲಿಗೆ ಅದು ಹಗುರವಲ್ಲ. "ಬಿಡು, ನಾ ತರ್ತೆ" ಎಂದು ಅವನು ಕೈಹಾಕಿದರೆ ಬಿಡಲಿಲ್ಲ. ವಿಡಿಯೊದಲ್ಲಿ ಸೀರೆಯ ನೆರಿಗೆ ಹೇಗೆ ನಿಲ್ಲಬೇಕೆಂದು ಊರಿಗೆ ಹೇಳಿದವಳು ಆ ದಿನ ಬೆನ್ನೆಲ್ಲ ಕೆಸರು ಸುರಿಸಿಕೊಂಡು ಕೇರಿಯ ಉದ್ದಕ್ಕೂ ನಡೆದಳು. ಹಿಂದೆ ಅವಳ ಕೊಡೆ ಹಿಡಿದು ಗಂಡ, ಅವನ ಹಿಂದೆ ನೆನೆಯುತ್ತ ನಾನು. ಹಾಲು ಬಣ್ಣದ ಟೈಲ್ಸಿನ ಮೇಲೆ ಬಲೆಯನ್ನು ಧೊಪ್ಪೆಂದು ಕೆಡವಿ, "ಇನ್ನು ಇಲ್ಲೇ" ಎಂದಳು.

ಹೀಗೆ ಹೇಳಿದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದು ತಿಳಿಯಬೇಡಿ. ಹಲಗೆ ಹೊದಿಸಿದ ಕಂಬಕ್ಕೆ ಹಗ್ಗ ನಿಲ್ಲದೆ ಜಾರಿತು. ಕೊನೆಗೆ ನನ್ನ ಪರದೆಯನ್ನು ಬದಿಗೆ ಸರಿಸಿ, ಬಲೆಯ ತುದಿಯನ್ನು ಜಗಲಿಗೆ ತೆರೆಯುವ ಕಿಟಕಿಯ ಸರಳಿಗೆ ಕಟ್ಟಬೇಕಾಯಿತು. ಸೋಫಾ ಅಡ್ಡವಾಯಿತು, ಅದನ್ನು ಎತ್ತಿ ನನ್ನ ಅಂಗಡಿಗೆ ಹಾಕಿದರು. ಆಗಲೂ ಕಮಲಾಕರ ಚಾಪೆ ಹಾಸಿಕೊಂಡು, ಬಲೆಯನ್ನು ಆದಷ್ಟು ಸಣ್ಣದಾಗಿ ಮಡಚಿಕೊಂಡು, ಮರಳು ಬಿದ್ದರೆ ತಾನೇ ಗುಡಿಸುತ್ತ ಕೂತ. ಕಲ್ಪನಾ ಬಾಗಿಲಲ್ಲಿ ನಿಂತು ನೋಡುವಳು. ಅವನು ಅವಳನ್ನು ನೋಡಿ ಮುಗುಳ್ನಗುವನು. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮರ್ಯಾದೆ ಕೊಡುತ್ತಿದ್ದರೆಂದರೆ ನನಗೆ ಸಿಟ್ಟು ಬರುತ್ತಿತ್ತು. ಆಗಸ್ಟು ಹತ್ತಿರ ಬರುತ್ತಿತ್ತು. ಇನ್ನು ಉಳಿದದ್ದು ಕೆಲವೇ ದಿನ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ರವಿಕೆ ಕೊಡಲು ಬಂದು ನನ್ನ ಅಂಗಡಿಯಲ್ಲಿ ಆ ಸೋಫಾದ ಮೇಲೆ ಕೂತಿದ್ದಳು. ನಾನು ಮೆಷಿನ್ ತುಳಿಯುತ್ತಿದ್ದೆ. ಪಕ್ಕದ ಮನೆಯಿಂದ ಗಂಡಸಿನ ದೊಡ್ಡ ದನಿ ಬಂತು.

"ನನ್ನ ಕತ್ತರಿ ಯಾರು ತೆಗ್ದದ್ದು? ಇಟ್ಟದ್ದು ಇಟ್ಟಲ್ಲಿ ಇರೂದಿಲ್ಲ ಈ ಮನೆಲಿ."

"ಬಲೆ ಅಡಿಗೇ ಅದೆ" ಎಂದು ಒಳಗಿನಿಂದ ಕಲ್ಪನಾ ಅದಕ್ಕಿಂತ ಜೋರಾಗಿ ಕೂಗಿದಳು. "ಕಣ್ಣು ಬಿಟ್ಟು ನೋಡಿ. ಮನೆ ತುಂಬ ಹರಡ್ಕಂಡು ಕುಂತ್ರೆ ಹ್ಯಾಂಗೆ ಸಿಗ್ತದೆ?"

"ಹರಡದೇ ಬಲೆ ಕಟ್ಟೂದು ಹ್ಯಾಂಗೆ ಅಂತ ನೀನೇ ಬಂದು ತೋರ್ಸು. ಮತ್ತೆ ಚಾ ಎಲ್ಲಿ? ಆಗಿಂದ ಕೂಗ್ತೆ."

"ನಂಗೆ ಎರಡೇ ಕೈ ಇರೂದು."

ಮಾತಿಗೆ ಮಾತು ಬೆಳೆಯಿತು. ಪಾತ್ರೆ ಕುಕ್ಕಿದ ಸದ್ದಾಯಿತು. ನಾನು ಮೆಷಿನ್ ನಿಲ್ಲಿಸಿ ಕೇಳುತ್ತ ಕೂತೆ. ರವಿಕೆಯವಳು ಗಾಬರಿಯಿಂದ ಎದ್ದು ನಿಂತಳು.

"ಎಂತ ಆತು ಅಲ್ಲಿ? ಹೋಗಿ ನೋಡೂದು ಬ್ಯಾಡವಾ?"

"ಕೂತ್ಕ. ಎಂತ ಆಗ್ಲಿಲ್ಲ" ಎಂದೆ. "ಕಮಲಾಕರ ಮನೆಗೆ ಬಂದ."

"ಅವ ಬಂದು ತಿಂಗ್ಳ ಮೇಲಾತಲ್ಲ?"

"ಇಲ್ಲ, ಈಗ ಬಂದ" ಎಂದೆ.