ವಾಂತಿ ಮಾಡಿ ಮುಂದೆ ಹೋಗು

ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ತಮ್ಮನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇದೆ.

ನಮ್ಮೂರು ಬಾಡ, ಮನೆಯಿಂದ ಸಮುದ್ರ ಕೂಗಳತೆ. ಅಪ್ಪ ಮೀನು ದೋಣಿಯ ತಾಂಡೇಲ. ದೋಣಿ ಎತ್ತ ಹೋಗಬೇಕು, ಯಾವಾಗ ತಿರುಗಬೇಕು ಎಂಬುದೆಲ್ಲ ಅವನ ಮಾತು. ತಮ್ಮ ಹೊನ್ನಾವರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು. ಅವನಿಗೆ ಹಿಮಾಲಯ ಹತ್ತುವ ಹುಚ್ಚು ಹಿಡಿಯಿತು, ಅದೂ ಒಬ್ಬನೇ. ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು ದಿನಾ ಮರಳಿನಲ್ಲಿ ಓಡಿದ. ಊರವರು ನಿಂತು ನೋಡಿ ಶಾಭಾಸ್ ಎಂದರು. ನನಗೆ ಮೈಯೆಲ್ಲ ಉರಿಯಿತು. ಸಮುದ್ರದ ದಂಡೆಯಲ್ಲಿ ಓಡಿದರೆ ಕಾಲು ಗಟ್ಟಿಯಾದೀತು, ಅಲ್ಲಿನ ತೆಳು ಗಾಳಿ ರೂಢಿಯಾಗುತ್ತದೆಯೇ? ನಿಧಾನ ಏರು, ನಡುವೆ ನಿಂತು ದಣಿವಾರಿಸಿಕೋ, ತಲೆನೋವು ವಾಂತಿ ಶುರುವಾದರೆ ಒಂದು ಹೆಜ್ಜೆಯೂ ಮೇಲೆ ಹೋಗಬೇಡ, ಕಡಿಮೆಯಾಗದಿದ್ದರೆ ಇಳಿದುಬಿಡು ಎಂದು ಬಾಯಿ ನೋಯುವಷ್ಟು ಹೇಳಿದೆ.

"ನೀ ಎಂತಕ್ಕೆ ಹೆದರ್ತೆ ಅಕ್ಕ? ಶೂ ಎಷ್ಟು ಗಟ್ಟಿ ಅದೆ ನೋಡು," ಎಂದ.

ಶೂ ಅಂತೆ ಶೂ!

ಬೆಟ್ಟದ ಮೇಲಿನಿಂದ ಅವನ ಫೋನ್ ಬಂದಾಗ ಅಪ್ಪ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. "ಅಕ್ಕ, ತಲೆ ಒಡೆದುಹೋಗ್ತದೆ. ಬೆಳಿಗ್ಗೆಯಿಂದ ಒಂದೇ ಸಮನೆ ವಾಂತಿ," ಎಂದ ತಮ್ಮ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನಕ್ಕುಬಿಟ್ಟ.

"ಎಂತ ಆಗೂದಿಲ್ಲ ತಮಾ. ಮೊದಲ ಸಲ ದೋಣಿ ಹತ್ತಿದಾಗ ನಿನ್ನ ಕರುಳೇ ಬಾಯಿಗೆ ಬಂದಿತ್ತು. ನಾ ದೋಣಿ ತಿರುಗಿಸಿದ್ನಾ? ವಾಂತಿ ಮಾಡಿ ಮುಂದೆ ಹೋಗು. ಆತು."

ನಮ್ಮ ದಂಡೆಯ ರೀತಿಯೇ ಅದು. ಹೊಸಬ ವಾಂತಿ ಮಾಡಿಕೊಂಡನೆಂದು ಯಾವ ತಾಂಡೇಲನೂ ದೋಣಿ ತಿರುಗಿಸುವುದಿಲ್ಲ. ಬಾಯಿ ಮುಕ್ಕಳಿಸಿ, ಒಂದು ಗುಟುಕು ಗಂಜಿ ಕುಡಿದು ಮತ್ತೆ ಬಲೆ ಎಳೆಯಬೇಕು. ನೀರಿನ ಮೇಲೆ ಅದು ಸರಿಯೇ, ಮೈ ತಾನಾಗಿ ಒಗ್ಗುತ್ತದೆ. ಆದರೆ ಬೆಟ್ಟವೇನು ದೋಣಿಯೇ?

"ಇಳಿಯೋ ಹಾಳಾದವನೇ, ಈಗ್ಲೇ ಇಳಿ!" ಎಂದು ಕಿರುಚಿದೆ.

"ಇಲ್ಲಿಂದ ತಿರುಗಿದ್ರೆ ಮರ್ಯಾದೆ ಹೋಗ್ತದೆ ಅಕ್ಕ. ಅಪ್ಪ ಹೇಳ್ದಂಗೇ ಮಾಡ್ತೆ." ಫೋನ್ ಕಟ್ಟಾಯಿತು. ಆಮೇಲೆ ಎಷ್ಟು ಹೊಡೆದರೂ ಹತ್ತಲಿಲ್ಲ. ಅಪ್ಪ ಬಲೆ ಹೆಣೆಯುತ್ತಲೇ ಇದ್ದ. ಆ ಬಲೆ ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸಿತು.

ತಮ್ಮ ಮತ್ತೂ ಮೇಲಕ್ಕೆ ಏರಿಯೇ ಬಿಟ್ಟ. ಮೇಲಿನಿಂದ ಇಳಿದು ಬರುತ್ತಿದ್ದ ಯಾರೋ ಪುಣ್ಯಾತ್ಮರಿಗೆ ಅವನು ದಾರಿಯ ಬದಿ ಕೂತಿದ್ದು ಕಂಡಿತಂತೆ. ಮೈಮೇಲೆ ಎಚ್ಚರವಿಲ್ಲದೆ, ಎರಡೂ ಕೈಯಿಂದ ಗಾಳಿಯಲ್ಲಿ ಇಲ್ಲದ ಬಲೆ ಎಳೆಯುತ್ತಿದ್ದನಂತೆ. ಅವರ ಭಾಷೆ ಇವನಿಗೆ ತಿಳಿಯಲಿಲ್ಲ, ಇವನದು ಅವರಿಗೆ ತಿಳಿಯಲಿಲ್ಲ. ಆದರೂ ರಟ್ಟೆ ಹಿಡಿದು ಕೆಳಗೆ ಎಳೆದು ತಂದರು. ಅವರು ಆ ಹಾದಿಯಲ್ಲಿ ಬಾರದಿದ್ದರೆ ನನ್ನ ತಮ್ಮನ ಹೆಣ ಬರುತ್ತಿತ್ತು. ಅವನು ಊರಿಗೆ ಬಂದಾಗ ನೆರೆಯವರು ಶಾಲು ಹೊದೆಸಲು ಬಂದರು. ಶಾಲು ಅಂತೆ! ಬಾಗಿಲಲ್ಲೇ ನಿಂತು ಅವರನ್ನು ಬೈದು ಕಳಿಸಿದೆ. ಒಳಗೆ ತಮ್ಮ ನಡೆದದ್ದೆಲ್ಲ ಹೇಳಿದ. ಅಪ್ಪ ತಲೆ ಎತ್ತದೆ ಕೇಳಿದ, ಊಟಕ್ಕೆ ಏಳಲಿಲ್ಲ.

ಮಳೆಗಾಲ ಮುಗಿದು ದೋಣಿ ನೀರಿಗಿಳಿಯಿತು. ಕಾಯ್ಕಿಣಿ ಕಡೆಯ ಗದ್ದೆ ಕೆಲಸದವನೊಬ್ಬ ಹೊಸದಾಗಿ ಸೇರಿದ್ದ. ದಂಡೆ ಮರೆಯಾಗುವ ಮೊದಲೇ ಅವನಿಗೆ ವಾಂತಿ ಶುರುವಾಯಿತು. ಅಪ್ಪ ದೋಣಿ ತಿರುಗಿಸಿಬಿಟ್ಟ. ಬಲೆ ಒದ್ದೆಯೂ ಆಗಿರಲಿಲ್ಲ. ದಂಡೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

"ಸಮುದ್ರದಲ್ಲಿ ವಾಂತಿ ಆದ್ರೆ ಯಾರೂ ಸಾಯೂದಿಲ್ಲ ಅಪ್ಪ! ಅಷ್ಟೂ ಗೊತ್ತಿಲ್ವಾ ನಿಂಗೆ?"

ಅಪ್ಪ ಹಗ್ಗ ಸುತ್ತುತ್ತಲೇ ಹೇಳಿದ: "ಗೊತ್ತದೆ ಮಗಳೇ. ಮುಂದೆ ಹೋಗು ಅನ್ನೂಕೆ ಬಾಯಿ ಬರ್ಲಿಲ್ಲ."